ಜುಲೈಯಲ್ಲಿ ತೂಗಿದ ಸೋಡಿಯಂ ಹೈಡ್ರಾಕ್ಸೈಡ್

ಮಂಗಳೂರಿನ ಮಳೆಗಾಲದಲ್ಲಿ ಡಬ್ಬದೊಳಗಿನ ಹಪ್ಪಳವೇ ಮೆತ್ತಗಾಗುತ್ತದೆ. ಉಪ್ಪಿನ ಭರಣಿಯಲ್ಲಿ ನೀರು ನಿಲ್ಲುತ್ತದೆ. ಅಂಥ ಒಂದು ಜುಲೈಯಲ್ಲಿ ನಾನು ಲ್ಯಾಬಿನಲ್ಲಿ ಸೋಡಿಯಂ ಹೈಡ್ರಾಕ್ಸೈಡ್ ಎಂಬ ಕ್ಷಾರವನ್ನು ತೂಗಲು ಕೂತಿದ್ದೆ. ಪಿಯುಸಿ ಮಕ್ಕಳಿಗೆ ಕೆಮಿಸ್ಟ್ರಿ ಕಲಿಸಲು ಶುರು ಮಾಡಿದ ಮೊದಲ ವರ್ಷ.

ಲೆಕ್ಕ ಸುಲಭ. ಮೋಲ್ ಅಂದರೆ ಅಣುಗಳನ್ನು ಎಣಿಸುವ ಒಂದು ಅಳತೆ, ಮೋಲಾರ್ ಅಂದರೆ ಲೀಟರಿಗೆ ಎಷ್ಟು ಮೋಲ್ ಎಂಬುದು. ಇದರ ಒಂದು ಮೋಲ್ ಅಂದರೆ 40 ಗ್ರಾಂ, ಹಾಗಾಗಿ 0.1 ಮೋಲಾರ್ ದ್ರಾವಣಕ್ಕೆ ಲೀಟರಿಗೆ 4 ಗ್ರಾಂ. ವಾಚ್ ಗ್ಲಾಸಿನ ಮೇಲೆ ಬಿಳಿ ಗುಳಿಗೆಗಳನ್ನು ಒಂದೊಂದಾಗಿ ಹಾಕಿದೆ. 4 ಗ್ರಾಂ ಆಗುವಷ್ಟರಲ್ಲಿ ಮೊದಲು ಹಾಕಿದವು ಬೆವತು ಹೊಳೆಯುತ್ತಿದ್ದವು, ಗಾಜಿಗೆ ಅಂಟಿದ್ದವು. ಡಬ್ಬವೂ ಹಿಂದಿನ ವರ್ಷದ್ದು. ತಳದ ಗುಳಿಗೆಗಳು ಕಚ್ಚಿಕೊಂಡು ಗಟ್ಟಿಯಾಗಿದ್ದವು. ಕಣ್ಣಿಗೆ ಕಂಡಿತು, ತಲೆಗೆ ಹೋಗಲಿಲ್ಲ. ಕರಗಿಸಿ, ಬಾಟಲಿಗೆ 0.1 ಎಂದು ಚೀಟಿ ಅಂಟಿಸಿದೆ.

ಅವತ್ತು ವಿನೆಗರ್ ಪ್ರಯೋಗ. ಬಾಟಲಿಯ ಮೇಲೆ ಅಸಿಟಿಕ್ ಆಮ್ಲ ಶೇಕಡಾ 4 ಎಂದಿತ್ತು. 10 ಮಿಲಿ ವಿನೆಗರನ್ನು ನೀರು ಸೇರಿಸಿ 100 ಮಿಲಿ ಮಾಡಿದೆವು. ಅದರಲ್ಲಿ 10 ಮಿಲಿ ಫ್ಲಾಸ್ಕಿಗೆ, ಎರಡು ಹನಿ ಫಿನಾಫ್ತಲೀನ್, ಆಮ್ಲ ಮುಗಿದು ಕ್ಷಾರ ಮಿಕ್ಕೊಡನೆ ಗುಲಾಬಿಯಾಗುವ ಸೂಚಕ. ಬ್ಯುರೆಟ್ಟಿನಲ್ಲಿ, ಅಂದರೆ ಕೆಳಗೆ ಕಾಕ್ ಇರುವ ಅಳತೆಯ ಗಾಜಿನ ಕೊಳವೆಯಲ್ಲಿ, ನನ್ನ ದ್ರಾವಣ. ಸುಮಾರು 6.7 ಮಿಲಿಗೆ ಬಣ್ಣ ಬರಬೇಕಿತ್ತು. ಎಲ್ಲರಿಗೂ 7.3 ಬಂತು. ಲೆಕ್ಕ ಹಾಕಿದರೆ ಶೇಕಡಾ 4.4.

"ಮೇಡಂ, ಕಂಪನಿಯವರು ಹುಳಿ ಜಾಸ್ತಿ ಹಾಕಿದ್ದಾರಾ?" ಎಂದಳು ಒಬ್ಬಳು. ಇರಬಹುದು ಎಂದುಬಿಟ್ಟೆ. ಮೂರು ಮೂರು ಸಲ ಮಾಡಿದರೂ ರೀಡಿಂಗ್ ಅದೇ ಬರುತ್ತಿತ್ತಲ್ಲ, ಅದನ್ನೇ ನಂಬಿದ್ದೆ. ರಾತ್ರಿ ಮಲಗಿದಾಗ ಆ ಬೆವತ ಗುಳಿಗೆಗಳು ನೆನಪಾದವು.

ಮರುದಿನ ಬೇಗ ಹೋಗಿ ಆಕ್ಸಾಲಿಕ್ ಆಮ್ಲ ತೆಗೆದೆ. ಅದರ ಹರಳು ನಮ್ಮ ಮಳೆಗಾಲದಲ್ಲೂ ಬೆವರುವುದಿಲ್ಲ, ತೂಗಿದ್ದನ್ನು ನಂಬಬಹುದು. 1.575 ಗ್ರಾಂ ತೂಗಿ 250 ಮಿಲಿ ಮಾಡಿದರೆ 0.05 ಮೋಲಾರ್. ಒಂದು ಆಕ್ಸಾಲಿಕ್ ಅಣುವಿಗೆ ಎರಡು ಸೋಡಿಯಂ ಹೈಡ್ರಾಕ್ಸೈಡ್ ಬೇಕು. ಅಂದರೆ ಇದರ 10 ಮಿಲಿಗೆ ನನ್ನ ದ್ರಾವಣವೂ ಸರಿಯಾಗಿ 10 ಮಿಲಿ ಹಿಡಿಯಬೇಕು. 11 ಹಿಡಿಯಿತು. 0.1 ಎಂದು ಬರೆದ ಬಾಟಲಿಯಲ್ಲಿ ಇದ್ದದ್ದು 0.091. ನಾನು ತೂಗಿದ 4 ಗ್ರಾಂನಲ್ಲಿ ಗಾಳಿಯ ನೀರೂ ಇತ್ತು, ಕಾರ್ಬನ್ ಡೈಆಕ್ಸೈಡ್ ಸೇರಿ ಆದ ಕಾರ್ಬೊನೇಟೂ ಇತ್ತು. ಬೋರ್ಡಿನ ಮೇಲೆ 7.3ಕ್ಕೆ ಹೊಸ ಲೆಕ್ಕ ಹಾಕಿದೆವು. ಶೇಕಡಾ 3.98. ವಿನೆಗರ್ ಸರಿಯಾಗೇ ಇತ್ತು, ತಪ್ಪಿದ್ದು ನನ್ನ ತೂಕ ಎಂದು ಮಕ್ಕಳಿಗೆ ಹೇಳಿದೆ.

ಆಮೇಲೆ ಪ್ರತಿ ವರ್ಷ ಮಕ್ಕಳ ಕೈಯಲ್ಲೇ ಇದನ್ನು ಮಾಡಿಸುತ್ತೇನೆ. ಮೊದಲು ಆಕ್ಸಾಲಿಕ್, ಆಮೇಲೆ ವಿನೆಗರ್. ಬ್ಯುರೆಟ್ಟನ್ನು ಅದೇ ದ್ರಾವಣದಿಂದ ತೊಳೆಯುವುದು, ತುದಿಯ ಗುಳ್ಳೆ ಬಿಡಿಸುವುದು, ಫನೆಲ್ ತೆಗೆಯುವುದು ಬೇಗ ಅಭ್ಯಾಸವಾಗುತ್ತದೆ. ಕಷ್ಟ ಇರುವುದು ಕೊನೆಯ ಹನಿಯಲ್ಲಿ. ಮಕ್ಕಳಿಗೆ ಕಡು ಗುಲಾಬಿ ಇಷ್ಟ, ಆದರೆ ಅಷ್ಟು ಬಂದರೆ ದಾಟಿಹೋಯಿತು ಎಂದೇ ಅರ್ಥ. ಫ್ಲಾಸ್ಕಿನಡಿ ಬಿಳಿ ಟೈಲ್ ಇಡಿಸುತ್ತೇನೆ. ಹನಿ ಬಿದ್ದಲ್ಲಿ ಗುಲಾಬಿ ಮೂಡಿ, ಆಡಿಸಿದರೂ ಮಾಯವಾಗಲು ತಡವಾದರೆ ಕಾಕ್ ಬಿಗಿಮಾಡಬೇಕು. ಮತ್ತೆ ಅರ್ಧ ಹನಿ: ತುದಿಯಲ್ಲಿ ನೇತಾಡುವುದನ್ನು ಫ್ಲಾಸ್ಕಿನ ಗೋಡೆಗೆ ತಾಗಿಸಿ ಡಿಸ್ಟಿಲ್ಡ್ ವಾಟರಿನಿಂದ ಇಳಿಸುವುದು. ತಿಳಿ ಗುಲಾಬಿ ಬಣ್ಣ ಅರ್ಧ ನಿಮಿಷ ನಿಂತರೆ ಸಾಕು. ಆಮೇಲೆ ಮಾಸಿದರೆ ಗಾಬರಿ ಬೇಡ, ಅದು ಗಾಳಿಯ ಕಾರ್ಬನ್ ಡೈಆಕ್ಸೈಡ್ ಕೆಲಸ.

ದ್ರಾವಣದ ಬಾಟಲಿಗೆ ಗಾಜಿನ ಬಿರಡೆ ಹಾಕಬೇಡಿ, ಕಚ್ಚಿಕೊಂಡು ತೆಗೆಯಲಾಗುವುದಿಲ್ಲ. ರಬ್ಬರಿನದ್ದು ಹಾಕಿ. ಚೀಟಿಯಲ್ಲಿ ಆಕ್ಸಾಲಿಕ್ ಹೇಳಿದ ಸಂಖ್ಯೆ ಬರೆಯಿರಿ, ಪಕ್ಕದಲ್ಲಿ ತಾರೀಕು. ಮಳೆಗಾಲದಲ್ಲಿ ನಾನು ಪ್ರತಿ ಸೋಮವಾರ ಆ ಸಂಖ್ಯೆಯನ್ನು ಮತ್ತೆ ನೋಡುತ್ತೇನೆ.