ಸೋರಿಕೆಯಾದ ದಾಖಲೆಗಳನ್ನು ಪ್ರಕಟಿಸಿದವರ ರಾಜಕೀಯವನ್ನು ತೂಗುವ ಬಗೆ

ಸರ್ಕಾರದ ಗೋಪ್ಯ ದಾಖಲೆಗಳು ಸೋರಿಕೆಯಾಗಿ ಪ್ರಕಟವಾದಾಗಲೆಲ್ಲ ಎರಡು ಪ್ರಶ್ನೆಗಳು ಏಳುತ್ತವೆ. ದಾಖಲೆಯಲ್ಲಿ ಏನಿದೆ ಎಂಬುದು ಮೊದಲನೆಯದು; ಅದನ್ನು ಪ್ರಕಟಿಸಿದವರು ಯಾರ ಪರ ಎಂಬುದು ಎರಡನೆಯದು. ಮುಜುಗರಕ್ಕೆ ಸಿಲುಕಿದವರಿಗೆ ಎರಡನೆಯ ಪ್ರಶ್ನೆಯೇ ಹೆಚ್ಚು ಪ್ರಿಯವಾಗಿರುತ್ತದೆ, ಏಕೆಂದರೆ ಅದನ್ನು ಎತ್ತಿದರೆ ಮೊದಲನೆಯದಕ್ಕೆ ಉತ್ತರ ಕೊಡುವ ಕಷ್ಟ ತಪ್ಪುತ್ತದೆ. ಹಾಗೆಂದು ಆ ಪ್ರಶ್ನೆಯಲ್ಲಿ ಹುರುಳೇ ಇಲ್ಲವೆನ್ನಲಾಗದು. 2010ರಲ್ಲಿ ಅಮೆರಿಕದ ಯುದ್ಧ ದಾಖಲೆಗಳನ್ನು ಬಯಲಿಗೆ ತಂದ ವಿಕಿಲೀಕ್ಸ್ ಸಂಸ್ಥೆಯೇ 2016ರ ಅಧ್ಯಕ್ಷೀಯ ಚುನಾವಣೆಯ ಹೊತ್ತಿನಲ್ಲಿ ಒಂದೇ ಪಕ್ಷದವರ ಇ-ಮೇಲ್‌ಗಳನ್ನು ಪ್ರಕಟಿಸಿತು. ಮೊದಲು ಹೊಗಳಿದ ಅನೇಕರು ಆಗ ತೆಗಳಿದರು, ತೆಗಳಿದ್ದ ಅನೇಕರು ಹೊಗಳಿದರು. ಇಂತಹ ಸಂದರ್ಭದಲ್ಲಿ ಪ್ರಕಾಶಕರ ರಾಜಕೀಯ ಒಲವನ್ನು ಓದುಗರು ಎಷ್ಟರಮಟ್ಟಿಗೆ ಲೆಕ್ಕಕ್ಕೆ ತೆಗೆದುಕೊಳ್ಳಬೇಕು, ಯಾವ ಕ್ರಮದಲ್ಲಿ ಪರಿಶೀಲಿಸಬೇಕು ಎಂಬುದನ್ನು ಮುಂದೆ ವಿವರಿಸಿದ್ದೇನೆ. ಪ್ರಕಾಶಕರು ತಟಸ್ಥರಾಗಿರಲೇಬೇಕೆಂದು ನಾನು ಒಪ್ಪುವುದಿಲ್ಲ. ಅವರು ಬಚ್ಚಿಟ್ಟದ್ದೇನು, ಸುಳ್ಳು ಹೇಳಿದ್ದೆಲ್ಲಿ ಎಂಬುದನ್ನು ಹುಡುಕುವುದು ಹೆಚ್ಚು ಫಲ ಕೊಡುತ್ತದೆಂಬುದು ನನ್ನ ಅಭಿಪ್ರಾಯ.

ಮೊದಲು ಕಾನೂನಿನ ಅಂಶವನ್ನು ಇತ್ಯರ್ಥ ಮಾಡಿಕೊಳ್ಳಿ. ‘ಪಕ್ಷಪಾತಿಗಳಾದ್ದರಿಂದ ಅವರಿಗೆ ಪ್ರಕಟಿಸುವ ಹಕ್ಕೇ ಇಲ್ಲ’ ಎಂಬ ವಾದ ಕೇಳಿಬಂದರೆ ಅದಕ್ಕೆ ನ್ಯಾಯಾಲಯಗಳ ಬೆಂಬಲವಿಲ್ಲವೆಂದು ತಿಳಿಯಿರಿ. ವಿಯೆಟ್ನಾಂ ಯುದ್ಧದ ಬಗ್ಗೆ ಅಮೆರಿಕದ ರಕ್ಷಣಾ ಇಲಾಖೆಯೇ ಸಿದ್ಧಪಡಿಸಿಕೊಂಡಿದ್ದ, 47 ಸಂಪುಟಗಳ ಗೋಪ್ಯ ಅಧ್ಯಯನವನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ 1971ರ ಜೂನ್ 13ರಿಂದ ಪ್ರಕಟಿಸತೊಡಗಿದಾಗ, ಸರ್ಕಾರ ತಡೆಯಾಜ್ಞೆಗಾಗಿ ನ್ಯಾಯಾಲಯದ ಮೊರೆ ಹೋಯಿತು. ಜೂನ್ 30ರಂದು ಅಲ್ಲಿನ ಸುಪ್ರೀಂ ಕೋರ್ಟ್ 6–3ರ ಬಹುಮತದಿಂದ ಪತ್ರಿಕೆಗಳ ಪರ ತೀರ್ಪು ನೀಡಿತು. ಪ್ರಕಟಣೆಯನ್ನು ತಡೆಯಲು ಸಾಕಾದಷ್ಟು ಸಮರ್ಥನೆಯನ್ನು ಸರ್ಕಾರ ಒದಗಿಸಿದೆಯೇ ಎಂಬುದೇ ಅಲ್ಲಿ ಮುಖ್ಯವಾಯಿತೇ ಹೊರತು ಪತ್ರಿಕೆ ಯುದ್ಧದ ಪರವೋ ವಿರೋಧವೋ ಎಂಬುದಲ್ಲ. 2016ರ ಇ-ಮೇಲ್‌ಗಳ ವಿಚಾರದಲ್ಲಿ ಡೆಮಾಕ್ರಟಿಕ್ ಪಕ್ಷದ ರಾಷ್ಟ್ರೀಯ ಸಮಿತಿ ವಿಕಿಲೀಕ್ಸ್ ಮತ್ತಿತರರ ಮೇಲೆ ಹೂಡಿದ ದಾವೆಯನ್ನು 2019ರ ಜುಲೈ 30ರಂದು ನ್ಯೂಯಾರ್ಕ್‌ನ ಫೆಡರಲ್ ನ್ಯಾಯಾಧೀಶ ಜಾನ್ ಕೋಲ್ಟಲ್ ವಜಾ ಮಾಡಿದರು. ಕಳ್ಳತನದಲ್ಲಿ ತಾನೇ ಭಾಗಿಯಾಗದೆ, ಸಾರ್ವಜನಿಕ ಮಹತ್ವವುಳ್ಳ ದಾಖಲೆಗಳನ್ನು ಪ್ರಕಟಿಸಿದ ಸಂಸ್ಥೆಗೆ ಸಂವಿಧಾನದ ರಕ್ಷಣೆ ಇದೆಯೆಂಬುದು ಆ ತೀರ್ಪಿನ ಸಾರ. ಚುನಾವಣೆಯ ನಟ್ಟನಡುವೆ, ಒಂದೇ ಪಕ್ಷಕ್ಕೆ ಪೆಟ್ಟಾಗುವಂತೆ ಪ್ರಕಟಿಸಿದ್ದರೂ ಈ ರಕ್ಷಣೆ ಕಡಿಮೆಯಾಗಲಿಲ್ಲ.

ನಮ್ಮ ದೇಶದ ಸ್ಥಿತಿ ಇಷ್ಟು ನಿಚ್ಚಳವಾಗಿಲ್ಲ. 1923ರ ಅಧಿಕೃತ ರಹಸ್ಯಗಳ ಕಾಯ್ದೆಯ 5ನೆಯ ಕಲಂ ಗುಟ್ಟನ್ನು ಕೊಟ್ಟವರನ್ನು ಮಾತ್ರವಲ್ಲದೆ ತಿಳಿದೂ ಪಡೆದುಕೊಂಡವರನ್ನೂ ಅಪರಾಧಿಗಳೆಂದು ಎಣಿಸಬಲ್ಲದು. ಆದರೂ ರಫೇಲ್ ಯುದ್ಧವಿಮಾನ ಖರೀದಿಯ ಕಡತಗಳನ್ನು ದಿ ಹಿಂದೂ ಪತ್ರಿಕೆ ಪ್ರಕಟಿಸಿದ ಮೇಲೆ, ಅವುಗಳನ್ನು ನ್ಯಾಯಾಲಯ ಪರಿಗಣಿಸಬಾರದೆಂಬ ಕೇಂದ್ರ ಸರ್ಕಾರದ ಆಕ್ಷೇಪವನ್ನು ಸುಪ್ರೀಂ ಕೋರ್ಟ್‌ನ ಮೂವರು ನ್ಯಾಯಮೂರ್ತಿಗಳ ಪೀಠ 2019ರ ಏಪ್ರಿಲ್ 10ರಂದು ತಳ್ಳಿಹಾಕಿತು. ಗೋಪ್ಯವೆಂದು ಗುರುತು ಮಾಡಿದ ದಾಖಲೆಯ ಪ್ರಕಟಣೆಯನ್ನು ತಡೆಯುವ ಅಧಿಕಾರವನ್ನು ಸಂಸತ್ತು ಕಾರ್ಯಾಂಗಕ್ಕೆ ಕೊಟ್ಟಿರುವ ಯಾವ ಕಾನೂನೂ ತನ್ನ ಗಮನಕ್ಕೆ ಬಂದಿಲ್ಲವೆಂದೂ ಹೇಳಿತು. ಅದೇ ವರ್ಷದ ನವೆಂಬರ್‌ನಲ್ಲಿ ಖರೀದಿಯ ತನಿಖೆ ಕೋರಿದ್ದ ಮರುಪರಿಶೀಲನಾ ಅರ್ಜಿಗಳು ವಜಾಗೊಂಡವು. ದಾಖಲೆಯನ್ನು ಪ್ರಕಟಿಸಬಹುದೇ ಎಂಬುದೂ ಅದರ ಮೇಲೆ ಕಟ್ಟಿದ ಆರೋಪ ನಿಲ್ಲುತ್ತದೆಯೇ ಎಂಬುದೂ ಬೇರೆ ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಎರಡನೆಯದಾಗಿ, ದಾಖಲೆ ಕೊಟ್ಟವರ ಉದ್ದೇಶವನ್ನು ಪ್ರಕಟಿಸಿದವರ ಉದ್ದೇಶದಿಂದ ಬೇರ್ಪಡಿಸಿ. ಗುಟ್ಟನ್ನು ಹೊರಗೆ ತರುವವರು ತಟಸ್ಥರಾಗಿರುವುದು ತೀರ ಅಪರೂಪ, ಏಕೆಂದರೆ ಉದ್ಯೋಗ, ಮಾನ, ಕೆಲವೊಮ್ಮೆ ಸ್ವಾತಂತ್ರ್ಯವನ್ನೇ ಪಣಕ್ಕಿಡುವಂತೆ ಅವರನ್ನು ದೂಡುವುದು ಸಿಟ್ಟು, ನಂಬಿಕೆ ಅಥವಾ ಸ್ವಾರ್ಥ. ವಿಯೆಟ್ನಾಂ ಕಡತಗಳನ್ನು ನಕಲು ಮಾಡಿ ಹೊರತಂದ ಡೇನಿಯಲ್ ಎಲ್ಸ್‌ಬರ್ಗ್ ಯುದ್ಧ ನಿಲ್ಲಬೇಕೆಂದು ಬಯಸಿದವರು, ಆ ಬಯಕೆಯನ್ನು ಮುಚ್ಚಿಟ್ಟವರೂ ಅಲ್ಲ. ಆದರೆ ಅವರು ರಾಜತಾಂತ್ರಿಕ ಮಾತುಕತೆಗೆ ಸಂಬಂಧಿಸಿದ ನಾಲ್ಕು ಸಂಪುಟಗಳನ್ನು ಪತ್ರಿಕೆಗೆ ಕೊಡದೆ ತಡೆಹಿಡಿದರು. ಶಾಂತಿ ಮಾತುಕತೆಗೆ ಅಡ್ಡಿಯಾಗಬಾರದೆಂಬುದು ಅದಕ್ಕೆ ಕಾರಣ. ಒಲವಿದ್ದವರಿಗೂ ವಿವೇಚನೆ ಇರಬಹುದೆಂಬುದನ್ನು ಇದು ತೋರಿಸುತ್ತದೆ. ಇನ್ನೊಂದು ಸ್ವಾರಸ್ಯವೂ ಇದೆ: ಆ ಕಡತಗಳು 1967ರವರೆಗಿನ ವಿಚಾರಗಳನ್ನಷ್ಟೇ ಒಳಗೊಂಡಿದ್ದುದರಿಂದ, ಇದು ಹಿಂದಿನ ಡೆಮಾಕ್ರಟಿಕ್ ಆಡಳಿತಗಳ ತಲೆನೋವೆಂದು ಆಗಿನ ಅಧ್ಯಕ್ಷ, ರಿಪಬ್ಲಿಕನ್ ಪಕ್ಷದ ನಿಕ್ಸನ್ ಅವರಿಗೆ ಆರಂಭದಲ್ಲಿ ತೋರಿತ್ತು. ದಾಖಲೆ ಯಾರಿಗೆ ಹಾನಿ ಮಾಡುತ್ತದೆಂಬ ಲೆಕ್ಕಾಚಾರ ಅಧಿಕಾರದಲ್ಲಿದ್ದವರಿಗೇ ತಪ್ಪುವುದಾದರೆ, ಪ್ರಕಾಶಕರು ಅದನ್ನು ಮೊದಲೇ ಕರಾರುವಾಕ್ಕಾಗಿ ಹಾಕಿಕೊಂಡಿದ್ದರೆಂದು ನಂಬುವ ಮುನ್ನ ಸ್ವಲ್ಪ ತಡೆಯಬೇಕು.

ಮೂರನೆಯದಾಗಿ, ಪ್ರಕಾಶಕರ ಮಾತನ್ನು ಪಕ್ಕಕ್ಕಿಟ್ಟು ಮೂಲ ದಾಖಲೆಯನ್ನೇ ಪೂರ್ತಿಯಾಗಿ ನೋಡಲು ಸಾಧ್ಯವೇ ಎಂದು ವಿಚಾರಿಸಿ. 2007ರ ಜುಲೈ 12ರಂದು ಬಾಗ್ದಾದ್‌ನಲ್ಲಿ ಅಮೆರಿಕದ ಹೆಲಿಕಾಪ್ಟರ್‌ಗಳು ನಡೆಸಿದ ದಾಳಿಯಲ್ಲಿ ರಾಯಿಟರ್ಸ್ ಸುದ್ದಿಸಂಸ್ಥೆಯ ಇಬ್ಬರು ನೌಕರರೂ ಸತ್ತಿದ್ದರು. ಆ ದಾಳಿಯ ಸೇನಾ ವಿಡಿಯೊವನ್ನು ವಿಕಿಲೀಕ್ಸ್ 2010ರ ಏಪ್ರಿಲ್‌ನಲ್ಲಿ ಬಿಡುಗಡೆ ಮಾಡಿತು. ಕತ್ತರಿಸಿ, ವಿವರಣೆ ಸೇರಿಸಿದ ಸಣ್ಣ ಆವೃತ್ತಿಗೆ ಕೊಟ್ಟ ಶೀರ್ಷಿಕೆಯಲ್ಲೇ ‘ಕೊಲೆ’ ಎಂಬ ತೀರ್ಪಿತ್ತು. ಇದನ್ನು ತಟಸ್ಥವೆಂದು ಯಾರೂ ಕರೆಯಲಾರರು. ಆದರೆ ಅದರ ಜೊತೆಯಲ್ಲೇ ಸುಮಾರು 39 ನಿಮಿಷಗಳ ಉದ್ದನೆಯ ವಿಡಿಯೊ ಕೂಡ ಬಿಡುಗಡೆಯಾಯಿತು. ಶೀರ್ಷಿಕೆಯನ್ನು ಒಪ್ಪದವರು ಅದನ್ನು ನೋಡಿ, ಗುಂಪಿನಲ್ಲಿ ಕೆಲವರ ಕೈಯಲ್ಲಿ ಆಯುಧಗಳಿದ್ದವೆಂದು ವಾದಿಸಲು ಸಾಧ್ಯವಾಯಿತು. ತನ್ನ ಅಭಿಪ್ರಾಯವನ್ನು ಅಲ್ಲಗಳೆಯಲು ಬೇಕಾದ ಸಾಮಗ್ರಿಯನ್ನೂ ಎದುರಾಳಿಯ ಕೈಗಿಟ್ಟ ಪ್ರಕಾಶಕರು, ಆಯ್ದ ನಾಲ್ಕು ಸಾಲು ತೋರಿಸಿ ತಟಸ್ಥ ಭಾಷೆಯಲ್ಲಿ ಮಾತನಾಡುವವರಿಗಿಂತ ನಂಬಿಕೆಗೆ ಅರ್ಹರು.

ದಾಖಲೆ ಅಸಲಿಯಾದ ಮಾತ್ರಕ್ಕೆ ಅದರಲ್ಲಿ ಬರೆದದ್ದೆಲ್ಲ ನಿಜವೆಂದೂ ಆಗುವುದಿಲ್ಲ. 2011ರ ಮಾರ್ಚ್‌ನಲ್ಲಿ ದಿ ಹಿಂದೂ ಪತ್ರಿಕೆ ಭಾರತಕ್ಕೆ ಸಂಬಂಧಿಸಿದ ಅಮೆರಿಕದ ರಾಯಭಾರ ಕಚೇರಿಯ ಆಂತರಿಕ ವರದಿಗಳಾದ ಕೇಬಲ್‌ಗಳನ್ನು ಪ್ರಕಟಿಸಿದಾಗ, 2008ರ ವಿಶ್ವಾಸಮತದ ವೇಳೆ ಸಂಸದರಿಗೆ ಹಣ ಹಂಚುವ ಸಿದ್ಧತೆ ನಡೆದಿತ್ತೆಂಬ ಕೇಬಲ್ ಸಂಸತ್ತಿನಲ್ಲಿ ಕೋಲಾಹಲ ಎಬ್ಬಿಸಿತು. ರಾಜತಾಂತ್ರಿಕರೊಬ್ಬರು ತಾವು ಕೇಳಿದ್ದನ್ನು, ಕಂಡದ್ದನ್ನು ತಮ್ಮ ಮೇಲಧಿಕಾರಿಗಳಿಗೆ ಬರೆದ ವರದಿ ಅದು. ಆರೋಪಕ್ಕೆ ಅದು ಸುಳಿವಾಗಬಹುದು, ಅಂತಿಮ ಪುರಾವೆಯಾಗದು. ಕಾಂಗ್ರೆಸ್ಸನ್ನು ಇಕ್ಕಟ್ಟಿಗೆ ಸಿಲುಕಿಸಿದ ಆ ಸರಣಿಯಲ್ಲೇ, ಕೆಲವೇ ದಿನಗಳ ಅಂತರದಲ್ಲಿ, ಹಿಂದುತ್ವದ ಬಗ್ಗೆ ಬಿಜೆಪಿಯ ಅರುಣ್ ಜೇಟ್ಲಿ ಆಡಿದರೆನ್ನಲಾದ ಮಾತುಗಳ ಕೇಬಲ್ ಕೂಡ ಪ್ರಕಟವಾಯಿತು. ಅವರು ಆ ಪದಪ್ರಯೋಗ ತಮ್ಮದಲ್ಲವೆಂದರು. ಒಂದೇ ಕಣಜದಿಂದ ಎರಡೂ ಪಕ್ಷಗಳಿಗೆ ಅಪ್ರಿಯವಾದದ್ದನ್ನು ತೆಗೆದು ಪ್ರಕಟಿಸುವ ಇಂತಹ ನಡೆಯನ್ನು ಸಂಪಾದಕೀಯ ಒಲವಿಗಿಂತ ಹೆಚ್ಚಿನ ಸಾಕ್ಷ್ಯವೆಂದು ಎಣಿಸಿ.

ನಾಲ್ಕನೆಯ ಹೆಜ್ಜೆಯಾಗಿ, ಏನನ್ನು ತಡೆಹಿಡಿದರು, ಯಾವ ಕಾರಣಕ್ಕೆ ಎಂಬುದನ್ನು ನೋಡಿ. 2010ರ ಜುಲೈನ ಅಫ್ಘಾನಿಸ್ತಾನದ ಸುಮಾರು 91,000 ದಾಖಲೆಗಳಲ್ಲಿ 15,000ದಷ್ಟನ್ನು ವಿಕಿಲೀಕ್ಸ್ ತಡೆಹಿಡಿದಿತ್ತು. ಆದರೂ ಸೇನೆಗೆ ಸುದ್ದಿ ಕೊಟ್ಟ ಕೆಲ ಸ್ಥಳೀಯರ ಹೆಸರುಗಳು ಹೊರಬಿದ್ದು ಟೀಕೆಗೆ ಗುರಿಯಾಯಿತು. ನವೆಂಬರ್‌ನಲ್ಲಿ ಆರಂಭವಾದ 2,51,287 ರಾಜತಾಂತ್ರಿಕ ಕೇಬಲ್‌ಗಳ ಪ್ರಕಟಣೆಯಲ್ಲಿ ಪಾಲುದಾರ ಪತ್ರಿಕೆಗಳು ಹೆಸರುಗಳನ್ನು ಅಳಿಸುವ ಕೆಲಸ ಮಾಡಿದ್ದವು. 2011ರ ಸೆಪ್ಟೆಂಬರ್‌ನಲ್ಲಿ ವಿಕಿಲೀಕ್ಸ್ ಅಷ್ಟೂ ಕೇಬಲ್‌ಗಳನ್ನು ಹೆಸರು ಅಳಿಸದೆ ಹಾಕಿದಾಗ ಆ ಪತ್ರಿಕೆಗಳೇ ಅದನ್ನು ಬಹಿರಂಗವಾಗಿ ಖಂಡಿಸಿದವು; ಕಡತದ ಪಾಸ್‌ವರ್ಡ್ ಅದಕ್ಕೂ ಮೊದಲೇ ಪುಸ್ತಕವೊಂದರಲ್ಲಿ ಅಚ್ಚಾಗಿತ್ತೆಂಬುದು ಬೇರೆ ಮಾತು. ಇದು ನಿರ್ಲಕ್ಷ್ಯದ ಪ್ರಶ್ನೆ, ರಾಜಕೀಯದ್ದಲ್ಲ. ಎರಡನ್ನೂ ಕಲಸಿದರೆ ಎರಡೂ ಸರಿಯಾಗಿ ಕಾಣುವುದಿಲ್ಲ.

ಐದನೆಯದಾಗಿ, ಸಮಯ ಮತ್ತು ಒಡಂಬಡಿಕೆಯನ್ನು ಪರೀಕ್ಷಿಸಿ. ಇಲ್ಲಿ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ 2016ರ ನಿಜವಾದ ದೋಷ ಸಿಗುವುದು ಇಲ್ಲೇ. ಫಿಲಡೆಲ್ಫಿಯಾದಲ್ಲಿ ಡೆಮಾಕ್ರಟಿಕ್ ಪಕ್ಷದ ಮಹಾಧಿವೇಶನ ಆರಂಭವಾಗುವುದಕ್ಕೆ ಮೂರು ದಿನ ಮೊದಲು, ಜುಲೈ 22ರಂದು, ಪಕ್ಷದ ರಾಷ್ಟ್ರೀಯ ಸಮಿತಿಯ ಸುಮಾರು 20,000 ಇ-ಮೇಲ್‌ಗಳು ಪ್ರಕಟವಾದವು. ಇವು ಸರ್ಕಾರದ ಗುಟ್ಟುಗಳೇ ಅಲ್ಲ, ಒಂದು ಪಕ್ಷದ ಒಳಮಾತುಗಳು ಎಂಬುದನ್ನು ಮರೆಯಬಾರದು. ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿ ಸ್ಥಾನಕ್ಕೆ ಹಿಲರಿ ಕ್ಲಿಂಟನ್ ಎದುರು ಸ್ಪರ್ಧಿಸಿದ್ದ ಬರ್ನಿ ಸ್ಯಾಂಡರ್ಸ್ ಬಗ್ಗೆ ಸಮಿತಿಯ ಪದಾಧಿಕಾರಿಗಳಿಗಿದ್ದ ಅಸಹನೆಯನ್ನು ಅವು ತೋರಿಸಿದವು, ಸಮಿತಿಯ ಅಧ್ಯಕ್ಷೆ ರಾಜೀನಾಮೆ ಪ್ರಕಟಿಸಬೇಕಾಯಿತು. ಆದ್ದರಿಂದ ಸುದ್ದಿಮೌಲ್ಯ ಇರಲಿಲ್ಲವೆನ್ನಲಾಗದು. ಸಮಯ ಆಯ್ದುಕೊಂಡದ್ದೂ ಅಪರಾಧವಲ್ಲ, ಪತ್ರಿಕೆಗಳೆಲ್ಲ ಜನ ಗಮನಿಸುವ ಹೊತ್ತನ್ನೇ ಆರಿಸಿಕೊಳ್ಳುತ್ತವೆ. ಆದರೆ ರಷ್ಯಾದ ಸೇನಾ ಗುಪ್ತಚರ ವಿಭಾಗದ 12 ಅಧಿಕಾರಿಗಳ ಮೇಲೆ 2018ರ ಜುಲೈನಲ್ಲಿ ಹೊರಿಸಿದ ದೋಷಾರೋಪ ಮತ್ತು 2019ರ ಮುಲ್ಲರ್ ವರದಿ (ಚುನಾವಣೆಯಲ್ಲಿ ರಷ್ಯಾದ ಹಸ್ತಕ್ಷೇಪ ಕುರಿತ ವಿಶೇಷ ತನಿಖೆಯ ವರದಿ) ಇವುಗಳಿಂದ ತಿಳಿದದ್ದು ಬೇರೆಯೇ ಬಗೆಯದು. ಹಿಲರಿ ಕ್ಲಿಂಟನ್‌ಗೆ ಸಂಬಂಧಿಸಿದ್ದೇನಾದರೂ ಇದ್ದರೆ ಅಧಿವೇಶನಕ್ಕೆ ಮೊದಲೇ, ಸ್ಯಾಂಡರ್ಸ್ ಬೆಂಬಲಿಗರು ಅವರ ಹಿಂದೆ ಒಂದಾಗುವ ಮುನ್ನವೇ ಬೇಕು ಎಂಬರ್ಥದ ಸಂದೇಶವನ್ನು ವಿಕಿಲೀಕ್ಸ್, ಆ ಗುಪ್ತಚರರು ಬಳಸುತ್ತಿದ್ದ ಸುಳ್ಳು ಹೆಸರಿನ ಖಾತೆಗೆ ಕಳುಹಿಸಿತ್ತು. ಇದಕ್ಕಿಂತಲೂ ಗಂಭೀರವಾದದ್ದು, ಆ ಬೇಸಿಗೆಯಲ್ಲಿ ಕೊಲೆಯಾಗಿದ್ದ ಪಕ್ಷದ ನೌಕರರೊಬ್ಬರೇ ಮೂಲವಿರಬಹುದೆಂದು ವಿಕಿಲೀಕ್ಸ್ ಸ್ಥಾಪಕ ಜೂಲಿಯನ್ ಅಸಾಂಜ್ ಸೂಚಿಸಿದ್ದು. ಮುಲ್ಲರ್ ವರದಿಯ ಪ್ರಕಾರ ದಾಖಲೆಗಳ ಕಡತ ವಿಕಿಲೀಕ್ಸ್‌ಗೆ ತಲುಪಿದ್ದು ಆ ನೌಕರ ಸತ್ತ ಮೇಲೆ. ಮೂಲವನ್ನು ಹೇಳದಿರುವುದು ಪ್ರಕಾಶಕರ ಹಕ್ಕು, ಹಲವೊಮ್ಮೆ ಕರ್ತವ್ಯ. ಮೂಲದ ಬಗ್ಗೆ ಸುಳ್ಳು ಜಾಡು ಹಿಡಿಸುವುದಕ್ಕೆ ಅಂತಹ ಹಕ್ಕಿಲ್ಲ; ಅದರಲ್ಲೂ ಮಗನನ್ನು ಕಳೆದುಕೊಂಡ ಕುಟುಂಬವೊಂದು ಅದರ ಬೆಲೆ ತೆರಬೇಕಾದಾಗ.

ತಟಸ್ಥತೆಯನ್ನು ಷರತ್ತಾಗಿ ಮುಂದಿಟ್ಟರೆ ಏನಾಗುತ್ತದೆಂಬುದಕ್ಕೂ ಇದೇ ಪ್ರಕರಣದಲ್ಲಿ ಸಾಕ್ಷಿಯಿದೆ. 2016ರ ಅಕ್ಟೋಬರ್‌ನಲ್ಲಿ ವಿಕಿಲೀಕ್ಸ್ ಡೊನಾಲ್ಡ್ ಟ್ರಂಪ್ ಅವರ ಹಿರಿಯ ಮಗನಿಗೆ ಖಾಸಗಿ ಸಂದೇಶ ಕಳುಹಿಸಿ, ತಂದೆಯ ತೆರಿಗೆ ವಿವರಗಳನ್ನು ತನಗೇ ಸೋರಿಕೆ ಮಾಡುವಂತೆ ಸಲಹೆ ಕೊಟ್ಟಿತು. ಹಾಗೆ ಮಾಡಿದರೆ ತಾನು ನಿಷ್ಪಕ್ಷಪಾತಿಯೆಂದು ಜನರಿಗೆ ಕಾಣುತ್ತದೆ, ಆಗ ಕ್ಲಿಂಟನ್ ವಿರುದ್ಧದ ಪ್ರಕಟಣೆಗಳಿಗೆ ಹೆಚ್ಚು ಬಲ ಬರುತ್ತದೆ ಎಂಬುದು ಅದರ ವಾದ. ಈ ಸಂದೇಶಗಳು 2017ರ ನವೆಂಬರ್‌ನಲ್ಲಿ ಹೊರಬಂದವು. ‘ಎರಡೂ ಕಡೆಯವರದ್ದನ್ನು ಹಾಕಿದ್ದಾರೆ’ ಎಂಬ ಎಣಿಕೆಯೊಂದರಿಂದಲೇ ಸಮಾಧಾನಪಡುವ ಓದುಗರು ಇಂತಹ ವೇಷಕ್ಕೆ ಸುಲಭವಾಗಿ ಮೋಸಹೋಗುತ್ತಾರೆ.

ಹಾಗಾದರೆ ಬಳಸಬೇಕಾದ ಪರೀಕ್ಷೆ ಯಾವುದು? ಒಂದೇ ಬಗೆಯ ಸಾಮಗ್ರಿ ಎದುರು ಪಕ್ಷದ್ದಾಗಿ ಬಂದಿದ್ದರೆ ಇದೇ ಪ್ರಕಾಶಕರು ಏನು ಮಾಡುತ್ತಿದ್ದರು ಎಂದು ಕೇಳಿ, ಅದಕ್ಕೆ ಸಿಗುವ ದಾಖಲಿತ ಉತ್ತರವನ್ನು ಹುಡುಕಿ. 2024ರಲ್ಲಿ ಟ್ರಂಪ್ ಪ್ರಚಾರ ತಂಡದಿಂದ ಕದ್ದ ಕಡತಗಳು ಪೊಲಿಟಿಕೊ, ನ್ಯೂಯಾರ್ಕ್ ಟೈಮ್ಸ್, ವಾಷಿಂಗ್ಟನ್ ಪೋಸ್ಟ್‌ಗಳಿಗೆ ತಲುಪಿದವು. ಕನ್ನ ಹಾಕಿದವರು ಇರಾನಿನವರೆಂದು ಅಮೆರಿಕ ಆರೋಪಿಸಿತು. ಮೂರೂ ಸಂಸ್ಥೆಗಳು ಕಡತಗಳನ್ನು ಪ್ರಕಟಿಸದೆ, ಕನ್ನದ ಸುದ್ದಿಯನ್ನಷ್ಟೇ ಕೊಟ್ಟವು. 2016ರಲ್ಲಿ ಡೆಮಾಕ್ರಟಿಕ್ ಇ-ಮೇಲ್‌ಗಳನ್ನು ಧಾರಾಳವಾಗಿ ಉಲ್ಲೇಖಿಸಿದ್ದ ಮಾಧ್ಯಮಗಳು ಈಗ ಅಳತೆಗೋಲು ಬದಲಿಸಿದವೆಂಬ ಟೀಕೆ ನ್ಯಾಯವಾದದ್ದೇ. ಆದರೆ 2016ರ ಇ-ಮೇಲ್‌ಗಳು ಮೊದಲೇ ಎಲ್ಲರ ಕಣ್ಣಿಗೆ ಬಿದ್ದಿದ್ದವು, 2024ರ ಕಡತಗಳು ಸಂಪಾದಕರ ಮೇಜಿನ ಮೇಲಷ್ಟೇ ಇದ್ದವು ಎಂಬ ವ್ಯತ್ಯಾಸವನ್ನೂ ಜೊತೆಗಿಟ್ಟುಕೊಂಡೇ ತೀರ್ಮಾನಿಸಬೇಕು.

ಒಪ್ಪದ ಪ್ರಕಾಶಕರ ಹಕ್ಕನ್ನು ಬೆಂಬಲಿಸುವುದು ಹೇಗೆಂದು ತಿಳಿಯಬೇಕಾದರೆ ಪಾಲುದಾರ ಪತ್ರಿಕೆಗಳ ಮುಂದಿನ ನಡೆಯನ್ನು ನೋಡಿ. ಅಸಾಂಜ್ ಮೇಲಿನ ಬೇಹುಗಾರಿಕೆ ಕಾಯ್ದೆಯ ಆರೋಪಗಳು 2010ರ ದಾಖಲೆಗಳನ್ನು ಕುರಿತವೇ ಆಗಿದ್ದವು, 2016ರದ್ದಕ್ಕೆ ಅವುಗಳಲ್ಲಿ ಜಾಗವಿರಲಿಲ್ಲ. 2011ರಲ್ಲಿ ಅವರನ್ನು ಖಂಡಿಸಿದ್ದ ನ್ಯೂಯಾರ್ಕ್ ಟೈಮ್ಸ್, ಗಾರ್ಡಿಯನ್, ಲ ಮೊಂಡ್, ಡೆರ್ ಸ್ಪೀಗೆಲ್, ಎಲ್ ಪಾಯಿಸ್ ಪತ್ರಿಕೆಗಳು 2022ರ ನವೆಂಬರ್‌ನಲ್ಲಿ ಬಹಿರಂಗ ಪತ್ರ ಬರೆದು, ತಮ್ಮ ಆಕ್ಷೇಪವನ್ನು ಹಿಂತೆಗೆದುಕೊಳ್ಳದೆಯೇ, ಮೊಕದ್ದಮೆ ಕೈಬಿಡುವಂತೆ ಒತ್ತಾಯಿಸಿದವು. 2024ರ ಜೂನ್‌ನಲ್ಲಿ ಅವರು ಒಂದು ಆರೋಪವನ್ನು ಒಪ್ಪಿಕೊಂಡು ಬಿಡುಗಡೆಯಾದರು.

ಕೊನೆಯದಾಗಿ, ಇಂತಹ ದಾಖಲೆ ನಿಮ್ಮ ಕೈಗೇ ಬಂದರೆ. ಕರ್ನಾಟಕದ ಓದುಗರಿಗೆ 2011ರ ಜುಲೈ ನೆನಪಿರಬಹುದು: ಅಕ್ರಮ ಗಣಿಗಾರಿಕೆ ಕುರಿತ ಲೋಕಾಯುಕ್ತ ವರದಿ 27ರಂದು ಸಲ್ಲಿಕೆಯಾಗುವ ಮೊದಲೇ ಸೋರಿಕೆಯಾಗಿ, ಯಾರ ಕೈವಾಡವೆಂಬ ಚರ್ಚೆ ಜೋರಾಗಿ ನಡೆಯಿತು, ಅಧಿಕೃತ ವರದಿ ಬಂದ ಮೇಲೆ ಎರಡನ್ನೂ ಹೋಲಿಸಬಹುದಾಯಿತು, ತಿಂಗಳ ಕೊನೆಯ ದಿನ ಮುಖ್ಯಮಂತ್ರಿ ಯಡಿಯೂರಪ್ಪ ರಾಜೀನಾಮೆ ನೀಡಿದರು. ಎಲ್ಲ ಸೋರಿಕೆಗಳಿಗೂ ಅಧಿಕೃತ ಪ್ರತಿ ಹಿಂದೆಯೇ ಬರುವುದಿಲ್ಲವಾದ್ದರಿಂದ, ಸಾಧ್ಯವಾದಾಗ ಅದೇ ಕಡತಕ್ಕೆ ಮಾಹಿತಿ ಹಕ್ಕು ಅರ್ಜಿ ಹಾಕಿ; 2005ರ ಕಾಯ್ದೆಯ 8(2)ನೆಯ ಕಲಂ ಪ್ರಕಾರ, ಹಾನಿಗಿಂತ ಸಾರ್ವಜನಿಕ ಹಿತಾಸಕ್ತಿ ಹೆಚ್ಚಿದ್ದರೆ ರಹಸ್ಯಗಳ ಕಾಯ್ದೆ ಏನೇ ಹೇಳಿದರೂ ಇಲಾಖೆ ಮಾಹಿತಿ ಕೊಡಬಹುದು. ಆದರೆ ಅರ್ಜಿಯ ಮಾತುಗಳೇ ಮೂಲದ ಗುರುತು ಬಿಟ್ಟುಕೊಡುವಂತಿದ್ದರೆ ಆ ದಾರಿಯನ್ನು ಬಿಡಿ. ವಾಟ್ಸ್‌ಆ್ಯಪ್‌ನಲ್ಲಿ ಹಂಚುವ ಮೊದಲು 5ನೆಯ ಕಲಂ ಬಲ್ಲ ವಕೀಲರನ್ನು ವಿಚಾರಿಸಿ. ಪ್ರಕಟಿಸುವುದಾದರೆ, ದಾಖಲೆಯ ಯಾವ ಭಾಗವನ್ನು ಬಿಟ್ಟಿದ್ದೀರಿ, ಯಾಕೆ ಬಿಟ್ಟಿದ್ದೀರಿ, ಕೊಟ್ಟವರು ಷರತ್ತು ಹಾಕಿದ್ದಾರೆಯೇ, ಈ ವಿಷಯದಲ್ಲಿ ನಿಮ್ಮ ಪತ್ರಿಕೆಯ ನಿಲುವೇನು ಎಂಬುದನ್ನು ವರದಿಯ ಪಕ್ಕದಲ್ಲೇ, ಅದೇ ಗಾತ್ರದ ಅಕ್ಷರದಲ್ಲಿ ಅಚ್ಚು ಮಾಡಿ.