ಸೋರುವ ಕಡೆ ಪಾತ್ರೆ ಇಡಿ

ಅಮೆರಿಕದ ಕಲಾವಿದ ಜಾರ್ಜ್ ಬ್ರೆಕ್ಟ್ 1959ರಲ್ಲಿ ಬರೆದ ‘ಡ್ರಿಪ್ ಮ್ಯೂಸಿಕ್’ ಎಂಬ ಕೃತಿಯಲ್ಲಿ ಇರುವುದು ಇಷ್ಟೇ: ನೀರು ತೊಟ್ಟಿಕ್ಕುವ ಕಡೆ ಖಾಲಿ ಪಾತ್ರೆ ಇಟ್ಟು, ಹನಿ ಅದರೊಳಗೆ ಬೀಳುವಂತೆ ಮಾಡುವುದು. ಓದಿದಾಗ ನನಗೆ ತೀರ್ಥಹಳ್ಳಿ ಹತ್ತಿರದ ನಮ್ಮ ಹಂಚಿನ ಮನೆ ಕಣ್ಣಿಗೆ ಕಟ್ಟಿತು. ಆಷಾಢದ ಮಳೆಗೆ ಅಲ್ಲಿ ಮೂರು ಕಡೆ ಪಾತ್ರೆ ಇಡುತ್ತೇವೆ.

ಜಪಾನಿ ಕಲಾವಿದೆ ಯೋಕೋ ಒನೊ ಅವರ 1964ರ ಪುಸ್ತಕ ‘ಗ್ರೇಪ್‌ಫ್ರೂಟ್’ ತುಂಬ ಇಂಥ ಸೂಚನೆಗಳೇ; ಸೂಚನೆಯೇ ಇಲ್ಲಿ ಕಲಾಕೃತಿ. ಕೆಲವನ್ನು ಮನಸ್ಸಿನಲ್ಲಷ್ಟೇ ಮಾಡಲು ಸಾಧ್ಯ. ನಾನೂ ಇಂಥ ಸೂಚನೆಗಳನ್ನು ಚೀಟಿಗಳಲ್ಲಿ ಬರೆಯಲು ಹೊರಟೆ; ನನಗೆ ಬೇಕಿದ್ದದ್ದು ಮನೆಯವರು ಕೈಯಾರೆ ಮಾಡುವಂಥವು.

ಮೊದಲ ಚೀಟಿಯಲ್ಲಿ ‘ಮಳೆಹನಿಯ ನಾದಕ್ಕೆ ಮನಸ್ಸು ತೆರೆದು ಕುಳಿತುಕೊಳ್ಳಿ’ ಎಂದೆಲ್ಲ ಆರು ಸಾಲು ಬರೆದೆ. ದೊಡ್ಡಮ್ಮ ಓದಿ, “ಅದೆಲ್ಲ ಸರಿ, ಈಗ ನಾನು ಎಂತ ಮಾಡ್ಬೇಕು ಮಾರಾಯ್ತಿ?” ಎಂದರು. ಅವರು ಕೇಳಿದ್ದೇ ಸರಿ. ನಾದ, ಮನಸ್ಸು ಎಲ್ಲ ಹೊಡೆದುಹಾಕಿದೆ. ಉಳಿದದ್ದು: ‘ಸೋರುವ ಕಡೆ ಪಾತ್ರೆ ಇಡಿ. ತುಂಬುವವರೆಗೆ ಅಲ್ಲೇ ಇರಿ.’

ದೊಡ್ಡಮ್ಮ ತಾಮ್ರದ ತಂಬಿಗೆ ಇಟ್ಟು, ಪಕ್ಕದಲ್ಲೇ ಕಳಲೆ ಹೆಚ್ಚುತ್ತ ಕುಳಿತರು. ಮೊದಮೊದಲು ಟಣ್, ಟಣ್. ತಳ ಮುಳುಗಿದ ಮೇಲೆ ತೊಳಕ್. ನೀರು ನೆಲಕ್ಕೆ ಸಿಡಿಯತೊಡಗಿದ್ದೇ ತಡ, ಅವರು ಎದ್ದು ಹಳೇ ಬಟ್ಟೆಯ ಚೂರೊಂದನ್ನು ತಂಬಿಗೆಗೆ ಇಳಿಬಿಟ್ಟರು. ಹನಿ ಬಟ್ಟೆಗುಂಟ ಸದ್ದಿಲ್ಲದೆ ಇಳಿಯಿತು. ‘ಅಯ್ಯೋ, ಬೇಡ’ ಎನ್ನಲು ಹೋಗಿ ಸುಮ್ಮನಾದೆ. ಸದ್ದು ಬರಲೇಬೇಕೆಂದು ಚೀಟಿಯಲ್ಲಿ ಎಲ್ಲೂ ಇರಲಿಲ್ಲ. ಅವರು ಮಾಡಿದ್ದು ಪೂರ್ತಿ ಸೂಚನೆಯಂತೆಯೇ ಇತ್ತು, ಪೂರ್ತಿ ಅವರದ್ದೂ ಆಗಿತ್ತು. ಬರೆದವಳ ಮನಸ್ಸಿನಲ್ಲಿರುವುದು ಮಾಡುವವರ ಕೈಗೆ ಹೋಗಬೇಕಿಲ್ಲ. ಈ ಕಲೆಯಲ್ಲಿ ನನಗೆ ತುಂಬ ಇಷ್ಟವಾಗುವುದು ಅದೇ.

ಅಡಿಕೆ ಕೊಯ್ಲಿನ ಹೊತ್ತಿಗೆ ಇನ್ನೊಂದು ಚೀಟಿ ಬರೆದೆ: ‘ಸುಲಿಯುವಾಗ ಎಲ್ಲರ ಮಾತೂ ನಿಂತರೆ ಒಂದು ಅಡಿಕೆ ಬೇರೆ ಇಡಿ.’ ಏಕೆ ಎಂದು ಬರೆಯಲಿಲ್ಲ. ರಾತ್ರಿ ಮೆಟ್ಟುಗತ್ತಿಯ ಮುಂದೆ ಐದು ಜನ ಕೂತಿದ್ದರು. ಊರಿನ ಸುದ್ದಿ, ಮದುವೆ ಮಾತು, ಕೊಳೆರೋಗದ ಚಿಂತೆ ಯಾವುದೂ ನಿಲ್ಲುವ ಹಾಗೆ ಕಾಣಲಿಲ್ಲ. ನಾನು ಮಲಗಲು ಹೋದೆ.

ಬೆಳಿಗ್ಗೆ ಬಾಳೆಲೆಯ ತುಂಡಿನ ಮೇಲೆ ಒಂಬತ್ತು ಅಡಿಕೆ ಇದ್ದವು. “ಒಂದು ದೊಡ್ಡಪ್ಪನ ನೆನಪು ಬಂದಾಗಿನದ್ದು” ಎಂದರು ದೊಡ್ಡಮ್ಮ. ಯಾವುದು ಎಂದು ನಾನು ಕೇಳಲಿಲ್ಲ.