ಸಿಟ್ಟಿಗೆ ಮಣ್ಣು, ಚಡಪಡಿಕೆಗೆ ಗೆರೆ

ಬಿಸಿಯೂಟ ಮುಗಿದ ಮೇಲಿನ ಪಿರಿಯಡ್ಡು ಯಾವ ಶಾಲೆಯಲ್ಲೂ ಸುಲಭದ್ದಲ್ಲ. ಬಯಲಲ್ಲಿ ಶುರುವಾದ ಜಗಳ ತರಗತಿಯೊಳಗೂ ಬರುತ್ತದೆ. ಒಬ್ಬಳು ಬಿಕ್ಕುತ್ತಿರುತ್ತಾಳೆ, ಇನ್ನೊಬ್ಬ ಹಲ್ಲು ಕಚ್ಚಿಕೊಂಡು ಕೂತಿರುತ್ತಾನೆ. ಆ ಹೊತ್ತಲ್ಲಿ ಭಿನ್ನರಾಶಿ ಯಾರ ತಲೆಗೂ ಹೋಗುವುದಿಲ್ಲ. ಸಾಗರದ ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ನಾನು ನಾಲ್ಕು, ಐದನೇ ತರಗತಿಗೆ ಪಾಠ ಮಾಡುತ್ತೇನೆ. ಆ ಪಿರಿಯಡ್ಡಿನ ಮೊದಲ ಕಾಲು ಗಂಟೆ ಪುಸ್ತಕ ತೆಗೆಸುವುದಿಲ್ಲ. ಮಣ್ಣು, ಬಣ್ಣ, ಕಾಗದ ಕೊಡುತ್ತೇನೆ.

ಯಾರಿಗೆ ಏನು ಕೊಡಬೇಕು ಅನ್ನುವುದೇ ಮುಖ್ಯ. ಸಿಟ್ಟಲ್ಲಿರುವ ಮಗುವಿಗೆ ಪೆನ್ಸಿಲ್ ಕೊಟ್ಟರೆ ಮೊನೆ ಮುರಿಯುತ್ತದೆ, ಕಾಗದ ಹರಿಯುತ್ತದೆ, ಸಿಟ್ಟು ಇನ್ನೂ ಜಾಸ್ತಿ ಆಗುತ್ತದೆ. ಅದಕ್ಕೆ ಜೇಡಿಮಣ್ಣೇ ಸರಿ. ಗದ್ದೆ ಬದಿಯಿಂದ ಮಕ್ಕಳೇ ತರುತ್ತಾರೆ. ಕಲ್ಲು ಆರಿಸಿ, ಒದ್ದೆ ಗೋಣಿಚೀಲ ಮುಚ್ಚಿ ಇಡುತ್ತೇವೆ. ಎಷ್ಟು ಗುದ್ದಿದರೂ ಮಣ್ಣು ಹಾಳಾಗುವುದಿಲ್ಲ. ಐದನೇ ತರಗತಿಯ ಒಬ್ಬ ಹುಡುಗ ಮೊದಲು ಮುಷ್ಟಿ ಕಟ್ಟಿ ಗುದ್ದುತ್ತಾನೆ. ಆಮೇಲೆ ಅಂಗೈಯಲ್ಲಿ ಒತ್ತುತ್ತಾನೆ. ಸ್ವಲ್ಪ ಹೊತ್ತಿಗೆ ಬೆರಳ ತುದಿಯಿಂದ ಅಂಚು ತೀಡತೊಡಗುತ್ತಾನೆ. ಕೆಲಸ ಬೆರಳಿಗೆ ಬಂತು ಅಂದರೆ ಅವನ ಹತ್ತಿರ ಮಾತಾಡಬಹುದು. ಅದಕ್ಕೂ ಮುಂಚೆ ‘ಯಾಕೋ ಹೊಡೆದೆ?’ ಅಂತ ಕೇಳಿ ಪ್ರಯೋಜನ ಇಲ್ಲ.

ಕೂತಲ್ಲಿ ಕೂರದ ಮಕ್ಕಳಿಗೆ, ಪರೀಕ್ಷೆ ಅಂದರೆ ಹೊಟ್ಟೆನೋವು ಬರುವ ಮಕ್ಕಳಿಗೆ ಗೆರೆ. ನಮ್ಮ ಕಡೆ ದೀವರ ಸಮುದಾಯದವರು ಮನೆ ಗೋಡೆ ಮೇಲೆ ಬರೆಯುವ ಹಸೆ ಚಿತ್ತಾರ ಇದೆ ಅಲ್ವಾ, ಅದೇ ನನಗೆ ದಾರಿ ತೋರಿಸಿತು. ಕೆಮ್ಮಣ್ಣು ಬಳಿದ ಗೋಡೆ ಮೇಲೆ ಅಕ್ಕಿ ಹಿಟ್ಟಿನ ಬಿಳಿ, ಹುರಿದು ಕಪ್ಪಾದ ಅಕ್ಕಿಯ ಕರಿ, ಪುಂಡಿ ನಾರಿನ ಕುಂಚ. ವಿದ್ಯಾರ್ಥಿನಿಯೊಬ್ಬಳ ಅಜ್ಜಿ ಶಾಲೆಗೇ ಬಂದು ಬರೆದು ತೋರಿಸಿದರು. ಸ್ಕೇಲ್ ಇಲ್ಲ, ಅಳಿಸುವ ರಬ್ಬರ್ ಇಲ್ಲ. ‘ಉಸಿರು ನಿಧಾನ ಬಿಡ್ತಾ ಎಳಿ ಮಗಾ, ಅವಸರ ಮಾಡಿದ್ರೆ ಕೈ ನಡುಗ್ತದೆ’ ಅಂದರು. ನಾನು ಅಷ್ಟು ಚೆನ್ನಾಗಿ ಎಂದೂ ಹೇಳಿಕೊಟ್ಟಿರಲಿಲ್ಲ. ಈಗ ಕಿರುಪರೀಕ್ಷೆಗೆ ಮೊದಲು ಎಲ್ಲರೂ ಒಂದು ಹಾಳೆ ತುಂಬ ಉದ್ದ ಗೆರೆ ಎಳೆಯುತ್ತಾರೆ. ಒಂದು ಗೆರೆಗೆ ಒಂದು ಉಸಿರು. ಹಾಳೆ ಅರ್ಧ ತುಂಬುವಷ್ಟರಲ್ಲಿ ಭುಜಗಳು ಕೆಳಗಿಳಿದಿರುತ್ತವೆ.

ಫ್ರೀಡ್ಲ್ ಡಿಕರ್-ಬ್ರಾಂಡೈಸ್ ಅವರ ಬಗ್ಗೆ ಓದಿದಾಗ ಈ ಅಜ್ಜಿಯೇ ನೆನಪಾದರು. ಎರಡನೇ ಮಹಾಯುದ್ಧದ ಕಾಲದಲ್ಲಿ ನಾಜಿಗಳು ಈಗಿನ ಜೆಕ್ ದೇಶದ ಟೆರೆಜಿನ್ ಊರಲ್ಲಿ ಕೂಡಿಹಾಕಿದ್ದ ಯಹೂದಿ ಮಕ್ಕಳಿಗೆ ಚಿತ್ರ ಕಲಿಸಿದವರು ಅವರು. ಅವರೂ ಕೈಗೆ ಲಯ ಹಿಡಿಸುವ ಅಭ್ಯಾಸ ಮಾಡಿಸುತ್ತಿದ್ದರು. ಪ್ರತಿ ಚಿತ್ರದ ಮೇಲೂ ಮಗುವಿನ ಹೆಸರು ಬರೆಸುತ್ತಿದ್ದರು. 1944ರ ಅಕ್ಟೋಬರ್‌ನಲ್ಲಿ ಅವರನ್ನು ನಾಜಿಗಳು ಆಶ್ವಿಟ್ಜ್ ಎಂಬ ಸಾವಿನ ಶಿಬಿರಕ್ಕೆ ಸಾಗಿಸಿ ಕೊಂದರು. ಅವರು ಸೂಟ್‌ಕೇಸ್‌ಗಳಲ್ಲಿ ಬಚ್ಚಿಟ್ಟಿದ್ದ ಸುಮಾರು 4,500 ಚಿತ್ರಗಳು ಉಳಿದುಕೊಂಡವು. ಈಗ ಪ್ರಾಗ್‌ನ ಯಹೂದಿ ಮ್ಯೂಸಿಯಂನಲ್ಲಿವೆ. ಆ ಮಕ್ಕಳ ಕಷ್ಟವನ್ನು ನಮ್ಮ ಮಕ್ಕಳ ಜಗಳದ ಪಕ್ಕ ಇಡುವ ಮಾತೇ ಇಲ್ಲ. ಆದರೆ ಹೆಸರು ಬರೆಸುವುದನ್ನು ನಾನು ಅವರಿಂದ ಕಲಿತೆ. ಈ ಚಿತ್ರ ನನ್ನದು ಅಂತ ಮಗುವಿಗೆ ಅನ್ನಿಸಬೇಕು.

ಚಿತ್ರಕ್ಕೆ ನಾನು ಅಂಕ ಹಾಕುವುದಿಲ್ಲ. ‘ವೆರಿ ಗುಡ್’ ಕೂಡ ಬರೆಯುವುದಿಲ್ಲ. ಬರೆದರೆ ಮುಂದಿನ ಸಲ ಎಲ್ಲರೂ ಎರಡು ಗುಡ್ಡ, ನಡುವೆ ಸೂರ್ಯ ಬಿಡಿಸಿ ತಂದುಕೊಡುತ್ತಾರೆ. ಇನ್ನೊಂದು ವಿಷಯ: ಬಣ್ಣ ನೋಡಿ ಅರ್ಥ ಹೇಳುವುದಕ್ಕೆ ನಾನು ಪೂರ್ತಿ ವಿರುದ್ಧ. ಕೆಂಪಾದರೆ ಸಿಟ್ಟು, ಕಪ್ಪಾದರೆ ದುಃಖ ಅನ್ನುವವರು ತುಂಬಾ ಜನ ಇದ್ದಾರೆ. ಒಬ್ಬ ಹುಡುಗ ಹಾಳೆ ಪೂರ್ತಿ ಕಪ್ಪು ಕ್ರೆಯಾನ್ ತಿಕ್ಕಿದ. ಪಕ್ಕದಲ್ಲಿ ಕೂತು ‘ಇದರ ಬಗ್ಗೆ ಹೇಳ್ತೀಯಾ?’ ಅಂದೆ. ‘ಕರೆಂಟ್ ಹೋಗಿದೆ ಟೀಚರ್. ಇಲ್ಲೆಲ್ಲ ಕಪ್ಪೆ ಕೂಗ್ತಾ ಇದಾವೆ’ ಅಂತ ಖುಷಿಯಿಂದ ತೋರಿಸಿದ. ಮಲೆನಾಡಿನ ಮಳೆಗಾಲದ ರಾತ್ರಿ ಅಂದರೆ ಅದೇ ತಾನೇ. ಹೇಳಲು ಇಷ್ಟ ಇಲ್ಲದವರನ್ನು ಸುಮ್ನೆ ಬಿಡುತ್ತೇನೆ. ಕೇಳದೆ ಯಾರ ಚಿತ್ರವನ್ನೂ ಗೋಡೆಗೆ ಅಂಟಿಸುವುದಿಲ್ಲ, ಪೋಷಕರ ಸಭೆಯಲ್ಲೂ ತೋರಿಸುವುದಿಲ್ಲ.

ಇದು ಚಿಕಿತ್ಸೆ ಅಲ್ಲ, ನಾನು ಆಪ್ತಸಮಾಲೋಚಕಿಯೂ ಅಲ್ಲ. ಚಿತ್ರ ಬಿಡಿಸುತ್ತಾ ಮಗು ಮನೆಯಲ್ಲಿ ಹೊಡೆತ ಬೀಳುತ್ತಿದೆ ಅಂತಲೋ, ಯಾರೋ ಮುಟ್ಟಬಾರದ ಹಾಗೆ ಮುಟ್ಟಿದರು ಅಂತಲೋ ಹೇಳಿದರೆ ಅಲ್ಲಿಗೆ ಚಿತ್ರದ ಕೆಲಸ ಮುಗಿಯಿತು. ಪೂರ್ತಿ ಕೇಳಿಸಿಕೊಂಡು, ‘ಯಾರಿಗೂ ಹೇಳಲ್ಲ’ ಅಂತ ಮಾತು ಕೊಡದೆ, ಅವತ್ತೇ ಮುಖ್ಯ ಶಿಕ್ಷಕರಿಗೆ ತಿಳಿಸಿ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಬೇಕು. ಮನಸ್ಸಿನ ತೊಂದರೆಗೆ ಟೆಲಿ-ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. ಎರಡೂ ನಂಬರ್‌ಗಳನ್ನು ನಮ್ಮ ಬಣ್ಣದ ಡಬ್ಬಿಯ ಮುಚ್ಚಳದ ಮೇಲೆ ಮಕ್ಕಳಿಗೂ ಕಾಣುವ ಹಾಗೆ ದಪ್ಪಕ್ಷರದಲ್ಲಿ ಬರೆದಿದ್ದೇನೆ.